ಹೆಬ್ಬೂರಿನ ಲೆಕ್ಕಕ್ಕೆ

ಅಮ್ಮಾ,

ಇವತ್ತು ಕ್ಯಾನ್ಸರ್ ನೋಂದಣಿ ಕಚೇರಿಯಿಂದ ಅಕ್ಷತಾ ಎಂಬ ಹುಡುಗಿ ಮರಳೂರಿನ ನಮ್ಮ ಮನೆಗೆ ಬಂದಿದ್ದಳು. ನಿನ್ನ ಕಾಯಿಲೆ ಯಾವಾಗ ಗೊತ್ತಾಯಿತು, ನೀನು ಯಾವಾಗ ತೀರಿಕೊಂಡೆ, ಎಲ್ಲ ಕೇಳಿ ಬರೆದುಕೊಂಡಳು.

"ಊರು ಮರಳೂರು ಅಂತ ಹಾಕ್ಲಾ ಆಂಟಿ?"

"ಬೇಡಮ್ಮ, ನಮ್ಮಮ್ಮ ಹೆಬ್ಬೂರಿನೋರು. ಟ್ರೀಟ್‌ಮೆಂಟ್‌ಗೆ ಅಂತ ನಾನೇ ಕರ್ಕೊಂಡ್ ಬಂದಿದ್ದೆ."

"ಹಂಗಾದ್ರೆ ಹೆಬ್ಬೂರೇ. ಯಾವ ಊರಲ್ಲಿ ಎಷ್ಟು ಜನಕ್ಕೆ ಬಂದೈತೆ ಅಂತ ಗೊತ್ತಾದ್ರೆ ತಾನೇ, ತಪಾಸಣೆ ಎಲ್ಲಿ ಮಾಡ್ಬೇಕು ಅಂತ ತಿಳಿಯೋದು?"

ಅವಳು ಊರಿನ ಹೆಸರು ಬರೆಯುವುದನ್ನೇ ನೋಡುತ್ತ ಕೂತೆ.

ಕೊನೆಯ ಸಲ ಆಸ್ಪತ್ರೆಯಿಂದ ಬಂದಾಗ ನೀನು ಸೀರೆಗಳನ್ನೆಲ್ಲ ಬ್ಯಾಗಿಗೆ ತುಂಬಿ, "ಸಾಕು ಕಣೇ, ಊರಿನ ಬಸ್ ಹತ್ಸು" ಅಂದಿದ್ದೆ. "ಹುಷಾರಾದ್ಮೇಲೆ ಹೋಗೋಣ" ಎಂದು ನಾನು ಬ್ಯಾಗನ್ನು ಅಟ್ಟದ ಮೇಲಿಟ್ಟೆ.

ಅಕ್ಷತಾ ಹೋದ ಮೇಲೆ ಅದನ್ನು ಕೆಳಗಿಳಿಸಿದೆ. ಸೀರೆಗಳು ನೀನು ಮಡಚಿದ ಹಾಗೇ ಇವೆ. ನಾಳೆ ಹೆಬ್ಬೂರಿಗೆ ತೆಗೆದುಕೊಂಡು ಹೋಗುತ್ತೇನೆ.

ನಿನ್ನ
ರೂಪಾ