ಹಿಂದಕ್ಕೆಳೆದ ಕೈ

ಅಕ್ಕಾ,

ಮನೆ ಬಿಟ್ಟು ಹೋದ ನಿನ್ನ ವಿಳಾಸ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಇದನ್ನು ಬೇರೆ ಯಾರಿಗೂ ಹೇಳುವಂತಿಲ್ಲ.

ಇವತ್ತು ಜೂನಿಯರ್ ಹಾಕಿ ಫೈನಲ್ ಸೋತೆವು. ಕೊನೆಯ ನಿಮಿಷದಲ್ಲಿ ಅವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲಿನಿಂದ ಚೆಂಡಿಗೆ ಎದುರಾಗಿ ಮೊದಲು ಓಡುವವಳು ಈಗ ನಾನು, ಹಿಂದೆ ನೀನು ಓಡುತ್ತಿದ್ದ ಹಾಗೆಯೇ. ಸ್ಟಿಕ್ ಹಿಡಿದ ಎಡಗೈಯನ್ನು ನೆಲದತ್ತ ಚಾಚಿದ್ದರೆ ಚೆಂಡು ನಿಲ್ಲುತ್ತಿತ್ತು. ಆದರೆ ನಾಳೆ ಬೆಳಿಗ್ಗೆ ಸ್ಕಾಲರ್‌ಶಿಪ್ ಪರೀಕ್ಷೆ. ಅದು ಕೈತಪ್ಪಿದರೆ ನನಗೆ ಕಾಲೇಜೂ ಇಲ್ಲ, ಹಾಕಿಯೂ ಇಲ್ಲ. ಬೆರಳಿಗೆ ಏಟು ಬಿದ್ದರೆ? ಬರೆಯುವುದು ಎಡಗೈಯಲ್ಲೇ ಅಲ್ಲವೇ? ಕೈಯನ್ನು ಹಿಂದಕ್ಕೆಳೆದುಕೊಂಡೆ.

“ಬಿಡಮ್ಮ, ಆ ಹೊಡೆತ ಯಾರ ಕೈಲೂ ತಡೆಯೋಕಾಗ್ತಿರ್ಲಿಲ್ಲ,” ಎಂದರು ಕೋಚ್. ನನ್ನ ಹಿಂದೆಯೇ ನಿಂತಿದ್ದ ಗೋಲ್‌ಕೀಪರ್ ಮಾತ್ರ ಪ್ಯಾಡ್ ಬಿಚ್ಚುತ್ತಾ ನನ್ನ ಕೈಯನ್ನೇ ನೋಡುತ್ತಿದ್ದಳು.

ನೀನು ಅವತ್ತು ಇಂಥದ್ದೇ ಹೊಡೆತಕ್ಕೆ ಕೈ ಎಳೆದುಕೊಂಡಿರಲಿಲ್ಲ. ಬೆರಳು ಮುರಿದುಕೊಂಡು, ಇದೇ ಪರೀಕ್ಷೆಗೆ ಕೂರಲಾಗದೆ ಮನೆಯಲ್ಲಿ ಕೂತಿದ್ದ ನಿನಗೆ, “ಅಷ್ಟೂ ಬುದ್ಧಿ ಬೇಡ್ವಾ? ಕೈ ತೆಗೀಬಾರ್ದಿತ್ತಾ?” ಎಂದವಳು ನಾನು. ನೀನು ಬ್ಯಾಂಡೇಜನ್ನೇ ನೋಡಿಕೊಳ್ಳುತ್ತಿದ್ದೆ.

ಇದನ್ನು ಬರೆಯುತ್ತಿರುವುದು ಆ ಎಡಗೈಯಲ್ಲೇ. ಒಂದು ಚೂರೂ ನೋವಿಲ್ಲ, ಅಕ್ಕಾ.