ಎಡದವಡೆಯ ಅಚ್ಚು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ಹನ್ನೊಂದು ಹಲ್ಲಿನ ಅಚ್ಚು. ಎರಡರಲ್ಲಿ ಗಾಳಿಗುಳ್ಳೆ. ಮತ್ತೆ ಪ್ಲಾಸ್ಟರ್ ಸುರಿದೆ. ಮೇಣದಣ್ಣ ಒಂದು ದವಡೆಯ ಹಲ್ಲುಗಳನ್ನೆಲ್ಲ ಮೇಣದಲ್ಲಿ ಕೆತ್ತಿ ಮುಗಿಸಿ, "ಇದನ್ನ ಹಾಕ್ಕೊಂಡೋರು ನಗ್ಲೇಬೇಕು, ನನ್ನ ಶ್ರಮ ದಂಡ ಆಗ್ಬಾರ್ದು" ಎಂದ. ಲ್ಯಾಬಿನಲ್ಲಿ ನಗುವವನು ಅವನೊಬ್ಬನೇ.

ಮನೆಗೆ ಬಂದು ನನ್ನ ನಿಕೋಟಿನ್ ಗಮ್ ಪ್ಯಾಕೆಟ್ ನೋಡಿದೆ. ನಿನ್ನೆ ಮಧ್ಯಾಹ್ನ ಒಡೆದದ್ದು, ಮೂವತ್ತಿತ್ತು. ಈಗ ಎರಡು. ನಾನು ದಿನಕ್ಕೆ ಹತ್ತು ಹಾಕಿಕೊಳ್ಳುತ್ತೇನೆ. ಹೆಚ್ಚೆಂದರೆ ಹನ್ನೊಂದು. ಲೆಕ್ಕ ಕೂಡುತ್ತಿಲ್ಲ.

ಮನೆಯಲ್ಲಿ ಇರುವುದು ಇಬ್ಬರು. ನಾನು ಮತ್ತು ಇವರು.

ಇವರ ಗುಂಡಿಗೆಗೆ ಸ್ಟೆಂಟ್ ಹಾಕಿ ಎಂಟು ತಿಂಗಳು. ಅಂದೇ ಇಬ್ಬರೂ ಸಿಗರೇಟು ಬಿಟ್ಟೆವು. ನಾನು ಗಮ್ ಹಿಡಿದೆ. ಇವರು ಏನೂ ಬೇಡ ಎಂದು ಹಠ ಹಿಡಿದರು. ಹೃದಯದ ಡಾಕ್ಟರು ಇವರಿಗೆ ಬಿಡಿಸಿ ಹೇಳಿದ್ದರು: "ಹೊಗೆಯೇ ದೊಡ್ಡ ಶತ್ರು. ಆದ್ರೆ ಬರೀ ನಿಕೋಟಿನ್ ಕೂಡ ಎದೆಬಡಿತ ಏರಿಸುತ್ತೆ, ರಕ್ತನಾಳ ಬಿಗಿ ಮಾಡುತ್ತೆ. ಗಮ್ ಬೇಕು ಅನ್ನಿಸಿದ್ರೆ ನನ್ನ ಕೇಳಿ ಶುರು ಮಾಡಿ. ಕದ್ದುಮುಚ್ಚಿ ಏನೂ ಬೇಡ." ತಲೆಯಾಡಿಸಿದ್ದೇ ಆಡಿಸಿದ್ದು, ಈ ಮಹಾಶಯರು.

ಕದ್ದುಮುಚ್ಚಿ. ಆ ಪದ ತಲೆಯಿಂದ ಹೋಗುತ್ತಿಲ್ಲ.

ಮಾರ್ಚ್ 4, ಬೆಳಿಗ್ಗೆ 6.40

ಟೆರೇಸಿಗೆ ಹೋಗಿದ್ದಾರೆ. ಇಪ್ಪತ್ತು ನಿಮಿಷ ಆಯಿತು. ನಿನ್ನೆಯೂ ಹೋಗಿದ್ದರು. ಒಣಗಿದ ಬಟ್ಟೆ ತರಲು ಅಂದರು. ಬಂದದ್ದು ಬರಿಗೈಯಲ್ಲಿ. ಬಾಯಲ್ಲಿ ಲವಂಗದ ವಾಸನೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಲವಂಗ ಯಾವುದನ್ನು ಮುಚ್ಚಲು ಎಂದು ನನಗೆ ಗೊತ್ತಿಲ್ಲವೇ? ಹಿಂದೆ ಅತ್ತೆಯವರೆದುರು ನಾನೂ ಅದನ್ನೇ ಜಗಿಯುತ್ತಿದ್ದೆ.

ಕೇಳಿದೆ. ಇಳಿದು ಬಂದವರು "ಗಾಳಿಗೆ ಹೋಗಿದ್ದೆ ಕಣೇ" ಎಂದರು. ಕಿಟಕಿಯಲ್ಲಿ ಗಾಳಿ ಬರುವುದಿಲ್ಲವಂತೆ.

ಮಾರ್ಚ್ 6, ಗುರುವಾರ

ಮೆಡಿಕಲ್ ಶಾಪಿನಾಕೆ ಇವತ್ತು ಪ್ಯಾಕೆಟ್ ಕೊಡುವ ಮೊದಲು ಮುಖ ನೋಡಿದಳು. "ಮೇಡಂ, ಇದು ಇನ್ನೂ ನಿಮಗೇನಾ? ಮೂರು ತಿಂಗಳಲ್ಲಿ ಕಡಿಮೆ ಮಾಡ್ತಾ ಬಂದು ನಿಲ್ಲಿಸ್ಬೇಕು ಅಂತ ಡಬ್ಬದ ಮೇಲೇ ಇದೆಯಲ್ಲ."

"ಹೊಗೆ ಇಲ್ವಲ್ಲಮ್ಮ," ಎಂದೆ.

"ಹೊಗೆ ಇಲ್ಲ, ಅದಕ್ಕೇ ಸಿಗರೇಟಿಗಿಂತ ಎಷ್ಟೋ ವಾಸಿ. ಆದ್ರೆ ಚಟ ಹಿಡಿಸೋದು ಹೊಗೆ ಅಲ್ಲ ಮೇಡಂ, ನಿಕೋಟಿನ್ನೇ."

ಚಿಕ್ಕ ಹುಡುಗಿ, ದೊಡ್ಡ ಮಾತು. ನನಗೇನು ಚಟ? ಇದು ಔಷಧಿ. ಅವಳಿಗೆ ಬೇರೆ ಯಾರ ಮೇಲೋ ಅನುಮಾನ ಇರಬೇಕು. ಇವರೂ ಅಲ್ಲಿಗೇ ಹೋಗಿ ಕೊಳ್ಳುತ್ತಿದ್ದಾರೋ? ಕೇಳಬೇಕಿತ್ತು. ನಾಚಿಕೆಯಾಯಿತು.

ಪ್ಯಾಕೆಟನ್ನು ಅಡುಗೆಮನೆಯ ಮೇಲಿನ ಗೂಡಿನಲ್ಲೇ ಇಟ್ಟೆ. ಪ್ಯಾಕೆಟ್ ಬದಲಿಸಿದರೆ ತಿಳಿಯಲೆಂದು ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ.

ಮಾರ್ಚ್ 7, ಸಂಜೆ

ನಿನ್ನೆ ಈ ಹೊತ್ತಿನಿಂದ ನಾನು ಹಾಕಿಕೊಂಡದ್ದು ಹತ್ತು. ಖಾಲಿಯಾದದ್ದು ಇಪ್ಪತ್ತೊಂದು. ಉಳಿದ ಹನ್ನೊಂದು ಯಾರ ಬಾಯಿಗೆ?

ಊಟಕ್ಕೆ ಕೂತಾಗ ಇವರ ಕೆನ್ನೆಯನ್ನೇ ನೋಡುತ್ತಿದ್ದೆ. ಉಬ್ಬಿದೆಯೋ ಎಂದು. "ಏನೇ ಹಾಗೆ ನೋಡ್ತಿದ್ದೀಯಾ, ಮದುವೆಗೆ ಹುಡುಗನ್ನ ನೋಡೋ ಹಾಗೆ?" ನಗಲಿಲ್ಲ ನಾನು.

ಹೆದರಿಕೆ ಕಣ್ರೀ ನನಗೆ. ಎದುರಿಗೆ ಹೇಳಲಾರೆ, ಇಲ್ಲಿ ಬರೆಯುತ್ತೇನೆ. ಅಂದು ಇವರು ಡ್ಯೂಟಿಯಲ್ಲೇ ಎದೆ ಹಿಡಿದು ಕುಸಿದರೆಂದು ಬಸ್ ಡಿಪೋದಿಂದ ಫೋನು ಬಂದಾಗ ಕೈಯಲ್ಲಿದ್ದ ಪ್ಲಾಸ್ಟರ್ ಬಟ್ಟಲು ಹಾಗೇ ಗಟ್ಟಿಯಾಗಿತ್ತು. ಇನ್ನೊಮ್ಮೆ ಅಂಥ ಫೋನು ಬರಬಾರದು.

ಮಾರ್ಚ್ 9, ಭಾನುವಾರ

ಉಪಾಯ ಹೊಳೆಯಿತು. ಬಾಯಿ ಸುಳ್ಳು ಹೇಳುತ್ತದೆ, ಒಸಡು ಹೇಳುವುದಿಲ್ಲ. ಗಮ್ಮನ್ನು ಸ್ವಲ್ಪ ಜಗಿದು ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಎಲ್ಲರಿಗೂ ಒಂದು ಕಡೆ ರೂಢಿ. ನನಗೆ ಬಲಗಡೆ ಕ್ಯಾಪ್ ಇದೆ, ಅಂಟಿಕೊಳ್ಳುತ್ತದೆ, ಆದ್ದರಿಂದ ಎಡಗಡೆ. ಇವರಿಗೋ ಬಲಗಡೆ ದವಡೆಹಲ್ಲೇ ಇಲ್ಲ. ಹಾಗಾದರೆ ಎಡಗಡೆಯೇ.

"ನಿಮ್ಮ ನೈಟ್ ಗಾರ್ಡ್ ಸಡಿಲ ಆಗಿದೆ, ಹೊಸದು ಮಾಡ್ತೀನಿ" ಎಂದು ಲ್ಯಾಬಿಗೆ ಕರೆದುಕೊಂಡು ಹೋದೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಇವರಿಗೆ ಆ ಗಾರ್ಡ್ ಮಾಡಿಕೊಟ್ಟವಳೂ ನಾನೇ. ಪಾಪ, ಮಾತಿಲ್ಲದೆ ಬಂದರು.

ಅಚ್ಚಿನ ಪುಡಿಯ ಹೊಸ ಡಬ್ಬ ಒಡೆಯಬೇಕಾಯಿತು. ಹೊಸ ಡಬ್ಬದ ಮೊದಲ ಅಚ್ಚು ನಮ್ಮ ಬಾಯಿಯದೇ ಆಗಬೇಕೆಂಬುದು ನಮ್ಮ ಲ್ಯಾಬಿನ ಪದ್ಧತಿ. ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಎಂದು ತಿಳಿಯಬೇಕಲ್ಲ. ಬಾಯಿಯ ಒಂದೇ ಪಕ್ಕ ಹಿಡಿಸುವ ಅರ್ಧ ಟ್ರೇಯಲ್ಲಿ ನನ್ನ ಮೇಲಿನ ಎಡದವಡೆಯದು ತೆಗೆದೆ. ಆಮೇಲೆ ಅದೇ ಅಳತೆಯ ಟ್ರೇಯಲ್ಲಿ ಇವರದು. ಪೂರ್ತಿ ಟ್ರೇ ಆದರೆ ಇವರಿಗೆ ಓಕರಿಕೆ. ಅರ್ಧಕ್ಕೇ ಕಣ್ಣಲ್ಲಿ ನೀರು. "ಬಸ್ಸು ಓಡಿಸೋದೇ ಸುಲಭ ಮಾರಾಯ್ತಿ."

ಒಂದೇ ಬಟ್ಟಲಿನ ಪ್ಲಾಸ್ಟರನ್ನು ಎರಡಕ್ಕೂ ಸುರಿದೆ. ಇವರನ್ನು ಮನೆಗೆ ಕಳಿಸಿದೆ. ಯಾವುದು ಯಾರದೆಂದು ಬುಡದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಪ್ಲಾಸ್ಟರ್ ತೇಯುವ ಟ್ರಿಮ್ಮರಿಗೆ ಹಿಡಿದೆ. ಅಷ್ಟರಲ್ಲಿ ತಡೆಯಲಾಗಲಿಲ್ಲ. ಹಿಂಬಾಗಿಲ ಮೆಟ್ಟಿಲಿಗೆ ಹೋಗಿ ಒಂದು ಗಮ್ ಹಾಕಿಕೊಂಡು ಬಂದು ಉಳಿದದ್ದು ತೇದೆ. ತೇದಾಗ ಬುಡದ ಗುರುತು ಹೋಗುತ್ತದೆ, ಪಕ್ಕದಲ್ಲಿ ಮತ್ತೆ ಬರೆಯಬೇಕು. ಬರೆದೆ. ನನ್ನದು ಲ್ಯಾಬಿನ ಗೂಡಿನಲ್ಲಿ. ಇವರದು ನನ್ನ ಚೀಲದಲ್ಲಿ.

ಮಾರ್ಚ್ 10, ಸೋಮವಾರ

ಸಿಕ್ಕಿಬಿತ್ತು.

ಚೀಲದಲ್ಲಿದ್ದ ಇವರ ಅಚ್ಚನ್ನು ಭೂತಗನ್ನಡಿ ಹಿಡಿದು ನೋಡಿದೆ. ದವಡೆಹಲ್ಲಿನ ಮುಂದಿನ ಹಲ್ಲು. ಅದರ ಮೇಲೆ ಒಸಡು ಎರಡು ಮಿಲಿಮೀಟರ್ ಮೇಲೆ ಸರಿದಿದೆ. ಅಕ್ಕಪಕ್ಕ ಸರಿಯಾಗಿದೆ, ಅಲ್ಲಿ ಮಾತ್ರ. ಗಮ್ ಇಡುವ ಜಾಗ ಅದೇ.

ಹಳೆಯ ಗಾರ್ಡನ್ನು ಅಚ್ಚಿನ ಮೇಲೆ ಕೂರಿಸಿ ನೋಡಿದೆ. ಕೂರುತ್ತಿಲ್ಲ. ಅಲ್ಲಾಡುತ್ತದೆ. ಹಲ್ಲುಗಳೇ ಜರುಗಿವೆ ಎಂದಾಯಿತು. ಅಷ್ಟು ಬಿಗಿಯಾಗಿ ಕಚ್ಚುತ್ತಿದ್ದಾರೆ. ಬಾಯಲ್ಲಿ ಗಮ್ ಇಲ್ಲದೆ ಯಾರಾದರೂ ಹಾಗೆ ಕಚ್ಚುತ್ತಾರೆಯೇ?

ಮಾರ್ಚ್ 11, ಮಂಗಳವಾರ

ಕೇಳಿಯೇಬಿಟ್ಟೆ. ಅಚ್ಚನ್ನು ಊಟದ ಮೇಜಿನ ಮೇಲಿಟ್ಟು.

"ಏನಿದು?"

"ನಿಮ್ಮ ದವಡೆ. ದಿನಕ್ಕೆ ಎಷ್ಟು ಗಮ್ ಹಾಕ್ಕೋತೀರಿ?"

"ಒಂದೂ ಇಲ್ಲ."

"ಪ್ಲಾಸ್ಟರ್ ಸುಳ್ಳು ಹೇಳಲ್ಲ ರೀ."

"ನಾನು ಹೇಳ್ತೀನಾ?" ಬಾಯಿ ತೆರೆದರು, ದೀಪದ ಕಡೆ ತಿರುಗಿ. "ನೋಡು. ನಿಂಗೇ ಗೊತ್ತಾಗುತ್ತಲ್ಲ, ನೋಡು."

ನೋಡಲಿಲ್ಲ. ಅಳುತ್ತಿದ್ದೆ. ಟೆರೇಸು, ಲವಂಗ, ಖಾಲಿ ಪ್ಯಾಕೆಟ್, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಇನ್ನೊಂದು ಮಾತೂ ಹೊರಟಿತು: "ಸಾಯೋದಿದ್ರೆ ಹೇಳಿ ಸಾಯಿರಿ." ಆ ಮಾತು ಆಡಬಾರದಿತ್ತು.

ಬಾಯಿ ಮುಚ್ಚಿಕೊಂಡರು. ಚೀಲಕ್ಕೆ ಎರಡು ಶರಟು, ಮಾತ್ರೆ ಡಬ್ಬಿ. ತಮ್ಮ ತಂಗಿಯ ಮನೆಗೆ ಹೊರಟರು. ಗಾರ್ಡ್ ಮರೆತು ಹೋಗಿದ್ದಾರೆ.

ಮಾರ್ಚ್ 15, ಶನಿವಾರ

ನಾಲ್ಕು ದಿನ. ನಾದಿನಿ ಫೋನು ಮಾಡಿದ್ದಳು. "ಅತ್ತಿಗೆ, ಅಣ್ಣ ಸರಿಯಾಗಿ ಊಟ ಮಾಡ್ತಿಲ್ಲ. ಏನಾಯ್ತು ಅಂದ್ರೆ ಹಲ್ಲುನೋವು ಅಂತಾನೆ." ಅಲ್ಲೂ ನನ್ನ ಮರ್ಯಾದೆ ಉಳಿಸುತ್ತಿದ್ದಾರೆ.

ನಿನ್ನೆ ಸಂಜೆ ಹೊಸ ಪ್ಯಾಕೆಟ್ ತಂದಿದ್ದೆ. ಚುಕ್ಕೆ ಇಟ್ಟಿದ್ದೆ, ಅಭ್ಯಾಸಬಲದಿಂದ. ಇವತ್ತು ಸಂಜೆ ಗೂಡು ತೆಗೆದೆ.

ಮೂವತ್ತರಲ್ಲಿ ಎಂಟು ಉಳಿದಿವೆ.

ಮನೆಯಲ್ಲಿ ಯಾರೂ ಇಲ್ಲ. ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ಎದ್ದು ಹೋಗಿ ನೋಡಿ ಬಂದೆ. ಹಾಕಿದೆ.

ಮಾರ್ಚ್ 17, ಸೋಮವಾರ

ಮೇಣದಣ್ಣ ಗೂಡು ಒರೆಸುತ್ತಿದ್ದ. ನನ್ನ ಅಚ್ಚು ಅವನ ಕೈಯಲ್ಲಿ. ಇವರು ಮರೆತುಹೋದ ಗಾರ್ಡನ್ನು ಲ್ಯಾಬಿಗೆ ತಂದಿದ್ದೆ, ನನ್ನ ಮೇಜಿನ ಮೇಲೇ ಬಿದ್ದಿತ್ತು. ಸುಮ್ಮನೆ ಎತ್ತಿ ಅದರ ಮೇಲಿಟ್ಟ. ಟಪ್ ಎಂದು ಕೂತಿತು.

"ಎಷ್ಟು ಚೆನ್ನಾಗಿ ಕೂತಿದೆ ನೋಡಕ್ಕ! ಇದು ಭಾವನದ್ದೇ ತಾನೇ? ಪಕ್ಕದಲ್ಲಿ ನಿನ್ನ ಗುರುತು ಯಾಕೆ ಬರೆದಿದ್ದೀಯಾ?"

ಅಂದು ಗಮ್ ಹಾಕಿಕೊಂಡು ಬಂದ ಮೇಲೆ ಗುರುತು ಅದಲುಬದಲು ಬರೆದೆನೋ? ಚೀಲದಲ್ಲಿದ್ದ ಇನ್ನೊಂದು ಅಚ್ಚನ್ನು ತೆಗೆದುಕೊಂಡು ಬಚ್ಚಲಿಗೆ ಹೋದೆ. ಬಾಯಿಗನ್ನಡಿ, ಟಾರ್ಚು. ತುಟಿ ಎತ್ತಿದೆ.

ಎಡಗಡೆ. ಮೇಲೆ. ದವಡೆಹಲ್ಲಿನ ಮುಂದಿನ ಹಲ್ಲು. ಬೇರಿನ ಹಳದಿ ಕಾಣುತ್ತಿದೆ. ಒಸಡಿನ ಮೇಲೆ ಬಿಳಿಚಿದ ಒಂದು ಮಚ್ಚೆ, ಅದಕ್ಕೆ ಅಂಟಿಕೊಂಡು ಒಂದು ಗಮ್. ಯಾವಾಗ ಹಾಕಿಕೊಂಡೆನೋ.

ಹತ್ತೊಂಬತ್ತು ವರ್ಷದಿಂದ ಊರಿನವರ ಹಲ್ಲು ನೋಡುತ್ತಿದ್ದೇನೆ. ನನ್ನದನ್ನು ಗುರುತಿಸಲಿಲ್ಲ.

ಮಧ್ಯಾಹ್ನವೇ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ತೋರಿಸಿದೆ. "ಗಮ್ಮಿಂದಲೇ ಅಂತ ಆಣೆ ಮಾಡಿ ಹೇಳೋಕಾಗಲ್ಲ, ಜೋರಾಗಿ ಬ್ರಷ್ ಮಾಡಿದ್ರೂ ಒಸಡು ಹೀಗೆ ಸರಿಯುತ್ತೆ. ಆದ್ರೆ ಎಂಟು ತಿಂಗಳು ಒಂದೇ ಜಾಗದಲ್ಲಿ ಒತ್ತಿ ಇಟ್ಕೊಂಡಿದ್ದೀರಲ್ಲ, ಅಲ್ಲಿಗೆ ರಕ್ತ ಹೇಗೆ ಹೋಗ್ಬೇಕು? ದಿನಕ್ಕೆ ಎಷ್ಟು?"

"ಹತ್ತು," ಎಂದೆ. ಆಮೇಲೆ ಹೇಳಿದೆ. "ಇಪ್ಪತ್ತೆರಡು."

ಬಿಟ್ಟೇಬಿಡಬೇಡಿ, ಇಳಿಸುತ್ತಾ ಬನ್ನಿ, ಮತ್ತೆ ಸಿಗರೇಟಿಗೆ ಮಾತ್ರ ಹೋಗಬೇಡಿ ಎಂದರು.

ಮಾರ್ಚ್ 18, ಬೆಳಿಗ್ಗೆ

ಸಂಜೆಯವರೆಗೆ ಕಾಯಲಾಗಲಿಲ್ಲ. ಆರೂವರೆಗೇ ನಾದಿನಿಯ ಮನೆಗೆ ಹೋದೆ. "ಅಣ್ಣ ಮೇಲಿದ್ದಾನೆ ಅತ್ತಿಗೆ."

ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಸುತ್ತ ನಡೆಯುತ್ತಿದ್ದರು. ಬಾಯಲ್ಲಿ ಲವಂಗ, ಮುಷ್ಟಿ ಬಿಗಿ, ಹಣೆಯಲ್ಲಿ ಬೆವರು. ನನ್ನನ್ನು ಕಂಡರೂ ನಿಲ್ಲಲಿಲ್ಲ. ಏಳು ಸುತ್ತು ಹಾಕಿದ ಮೇಲೆ ನಿಂತರು.

"ಸೇದ್ಬೇಕು ಅನ್ನೋ ಆಸೆ ಬೆಳಿಗ್ಗೆ ಎದ್ದ ಕೂಡ್ಲೇ ಬರುತ್ತೆ ಕಣೇ. ಈಗ್ಲೂ. ಎಂಟು ತಿಂಗಳಾದ್ರೂ. ನಡೆದ್ರೆ ಹೋಗುತ್ತೆ. ನಿನ್ನೆದುರು ಒದ್ದಾಡೋಕೆ ನಾಚಿಕೆ ಆಗ್ತಿತ್ತು."

ಅಚ್ಚನ್ನು ಕೈಗೆ ಕೊಟ್ಟೆ. "ಇದು ನಂದು ರೀ." ಒಸಡು ಸರಿದ ಜಾಗವನ್ನು ಬೆರಳಿಟ್ಟು ತೋರಿಸಿದೆ.

ತಿರುಗಿಸಿ ತಿರುಗಿಸಿ ನೋಡಿದರು. ಬೈಯಬಹುದಿತ್ತು. "ನಡಿ, ನೀನೂ ಎರಡು ಸುತ್ತು ಹಾಕು" ಎಂದರು.

ಮಾರ್ಚ್ 23, ಭಾನುವಾರ, ಮಧ್ಯಾಹ್ನ 3

ಈಗ ಪ್ಯಾಕೆಟ್ ಇವರ ವಶ. ದಿನದ ಪಾಲನ್ನು ಬೆಳಿಗ್ಗೆಯೇ ಒಂದು ಸಣ್ಣ ಡಬ್ಬಿಗೆ ಎಣಿಸಿ ಹಾಕಿಕೊಡುತ್ತಾರೆ. ಇವತ್ತು ಹದಿನೆಂಟು. ಮುಂದಿನ ವಾರ ಹದಿನಾರು. ತಲೆ ಸಿಡಿಯುತ್ತದೆ. ನಿನ್ನೆ ಮೇಣದಣ್ಣನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಆದರೂ ಗೆದ್ದುಬಿಡುತ್ತೇನೆ ಅನ್ನಿಸುತ್ತದೆ.

ಇವತ್ತು ಹಾಕಿಕೊಂಡ ಪ್ರತಿಯೊಂದಕ್ಕೂ ಇಲ್ಲಿ ಅಂಚಿನಲ್ಲಿ ಗೀಟು ಎಳೆದಿದ್ದೇನೆ. ಒಂಬತ್ತು ಗೀಟು. ಡಬ್ಬಿಯಲ್ಲಿ ಒಂಬತ್ತು ಇರಬೇಕು.

ಎಣಿಸಿದೆ. ಎಂಟು.

ಮತ್ತೆ ಎಣಿಸಿದೆ. ಎಂಟೇ.

ಬೆಳಿಗ್ಗೆ ಹದಿನೇಳೇ ಹಾಕಿರಬೇಕು. ನನಗೆ ತಿಳಿಯದ ಹಾಗೆ ಒಂದು ಕಡಿಮೆ ಮಾಡಿದ್ದಾರೆ. ಅಥವಾ... ಊಟದ ಮೇಲೆ ಟೆರೇಸಿಗೆ ಹೋದವರು ಇನ್ನೂ ಇಳಿದಿಲ್ಲ. ಇಷ್ಟು ಹೊತ್ತು ಏನು ನಡಿಗೆ? ಕೇಳಲೇಬೇಕು. ಇವತ್ತು ಡಬ್ಬಿಯನ್ನು ಎದುರಿಗೇ ಇಟ್ಟು

ಇರು.

ನಾಲಿಗೆಗೆ ಏನೋ ತಗುಲಿತು. ಎಡಗಡೆ, ಮೇಲೆ