ದಾರಿಹಗ್ಗದಲ್ಲಿ ಉಳಿದ ಬಿಲ್ಲೆ

ಮಗನೇ ಗಾಸ್ಪರ್,

ಚಿರಂಜೀವಿ ಎಂದು ಬರೆಯಲು ಕೈ ಬಾರದು, ಆಶೀರ್ವಾದವಷ್ಟೇ ಉಳಿದಿದೆ.

ನಿನ್ನ ಪ್ರಾಣ ಹೋದ ಸುಣ್ಣಕಲ್ಲಿನ ನೀರುಗುಹೆಗೆ ಇಂದು ನಿನ್ನ ಹೆಂಡತಿ ನೆಯ್ದಿ ಇಳಿದಳು. ಒಳಹೋಗುವವರು, ದಾರಿ ತಪ್ಪದಿರಲೆಂದು ನೀರೊಳಗೆ ಗುಹೆಯುದ್ದಕ್ಕೂ ಕಟ್ಟಿರುವ ದಾರಿಹಗ್ಗಕ್ಕೆ ತಮ್ಮ ಹೆಸರಿನ ಬಿಲ್ಲೆ ಸಿಕ್ಕಿಸಿ, ಮರಳುವಾಗ ತೆಗೆಯುವುದು ನಿಮ್ಮ ವೃತ್ತಿಯ ನಿಯಮವಲ್ಲವೇ? ನಿನ್ನ ದೇಹವನ್ನು ತಂದವರಿಗೆ ನಿನ್ನ ಬಿಲ್ಲೆಯನ್ನು ಕೀಳಲು ಮನಸ್ಸಾಗಲಿಲ್ಲ. ಅದನ್ನು ಕಂಡ ಹೊಸಬರು ಒಳಗೆ ಯಾರೋ ಸಿಲುಕಿದ್ದಾರೆಂದು ಹುಡುಕಹೋಗುತ್ತಾರೆ. ಮೊನ್ನೆ ಒಬ್ಬಳು ಸಿಲಿಂಡರಿನ ಗಾಳಿ ಮುಗಿದು ಅರೆಜೀವವಾಗಿ ಹೊರಬಂದಳು.

ದಡದಲ್ಲಿ ನಾನು ಮಳೆಯೊಡೆಯ ಚಾಕನಿಗೆ ಮೆಕ್ಕೆಜೋಳದ ಗಂಜಿಯನ್ನು ನಿವೇದಿಸಿ, ಅವಳ ಪರವಾಗಿ ಅಪ್ಪಣೆ ಬೇಡತೊಡಗಿದೆ.

“ಬೇಗ ಮುಗ್ಸಿ ಮಾವ, ನಿಮ್ಮ ಪ್ರಾರ್ಥನೆ ಮುಗಿಯೋದ್ರೊಳಗೆ ನಾನೇ ಮುದುಕಿ ಆಗ್ಬಿಡ್ತೀನಿ!”

“ಬಿಲ್ಲೆ ಸಿಗದಿದ್ರೂ ಪರವಾಗಿಲ್ಲಮ್ಮ, ನೀನು ಬಾ.”

“ಇಬ್ರೂ ಬರ್ತೀವಿ,” ಎಂದು ಮುಳುಗಿದಳು.

ಗುಳ್ಳೆಗಳು ಕಾಣದಾದಾಗ ನನ್ನ ಬಾಯಲ್ಲಿ ಪ್ರಾರ್ಥನೆಯೂ ನಿಂತಿತು. ಬಹಳ ಹೊತ್ತಿನ ಮೇಲೆ ನೀರಡಿಯಲ್ಲಿ ಅವಳ ದೀಪ ಹೊಳೆಯಿತು. ಮೇಲೆ ಬಂದವಳು ನಿನ್ನ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟು, “ಒಳಗೆ ಇನ್ಯಾರೂ ಇಲ್ಲ, ಮಾವ,” ಎಂದಳು.

ನೀರಿಗಿಳಿದವರನ್ನು ಕ್ಷೇಮವಾಗಿ ಮರಳಿಸೆಂದು ನಿತ್ಯವೂ ಬೇಡುವಾಗ, ಮಗನೇ, ಈವರೆಗೂ ನಿನ್ನ ಹೆಸರನ್ನು ಬಿಟ್ಟಿರಲಿಲ್ಲ. ನಾಳೆ ಮುಂಜಾನೆಯಿಂದ ಅದನ್ನು ಗತಿಸಿದ ಹಿರಿಯರ ಹೆಸರುಗಳೊಡನೆ ಹೇಳುವೆನು.